ಎನ್‌ಎಚ್‌ಎಸ್ ನರ್ಸ್ ಇಂಟರ್‌ವ್ಯೂ: ಗೊತ್ತಿದ್ದರೆ ಸಾಲದು, ಬಾಯಿಬಿಟ್ಟು ಹೇಳಬೇಕು

ನಿಮ್ಮ ಪ್ರಶ್ನೆ ಓದಿದೆ. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್, ಬೆಂಗಳೂರಿನಲ್ಲಿ ನಾಲ್ಕು ವರ್ಷ ಐಸಿಯು, ಈಗ ಬರ್ಮಿಂಗ್‌ಹ್ಯಾಮ್. ಓಸ್ಕಿ (ವಿದೇಶದಿಂದ ಬಂದ ನರ್ಸ್‌ಗಳ ಪ್ರಾಯೋಗಿಕ ಪರೀಕ್ಷೆ) ಪಾಸಾಗಿ ಪಿನ್ (ನರ್ಸ್ ನೋಂದಣಿ ಸಂಖ್ಯೆ) ಕೂಡ ಬಂದಿದೆ. ಆದರೂ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಬ್ಯಾಂಡ್ 5 (ನೋಂದಾಯಿತ ನರ್ಸ್‌ನ ಮೊದಲ ಸಂಬಳ ಶ್ರೇಣಿ) ಇಂಟರ್‌ವ್ಯೂನಲ್ಲಿ 'ಉತ್ತರದಲ್ಲಿ ವಿವರ ಸಾಲದು' ಅಂತ ಕೈಬಿಟ್ಟರು, ಎಲ್ಲ ಗೊತ್ತಿದ್ದೂ ಹೀಗೇಕೆ ಅಂತ ಕೇಳಿದ್ದೀರಿ.

ಅಲ್ಲಿ ಅಂಕ ಬೀಳುವುದು ಗೊತ್ತಿರುವುದಕ್ಕಲ್ಲ, ಹೇಳಿದ್ದಕ್ಕೆ. ಎದುರು ಕೂತ ಇಬ್ಬರು ಮೂವರ ಕೈಯಲ್ಲಿ ಒಂದೊಂದು ಹಾಳೆ ಇರುತ್ತದೆ. ಬಂದವರಿಗೆಲ್ಲ ಅದೇ ಪ್ರಶ್ನೆಗಳು, ಉತ್ತರದಲ್ಲಿ ಏನೇನು ಬರಬೇಕು ಅನ್ನುವುದೂ ಮೊದಲೇ ಗೊತ್ತುಮಾಡಿರುತ್ತದೆ. 'ಐಸಿಯುನಲ್ಲಿ ಇದ್ದವಳಿಗೆ ಇಷ್ಟೂ ಗೊತ್ತಿರದೇ?' ಅಂತ ಯಾರೂ ತಾವಾಗಿ ಅಂಕ ತುಂಬುವುದಿಲ್ಲ. ತಲೆ ತಗ್ಗಿಸಿ ಬರೆಯುತ್ತಲೇ ಇರುತ್ತಾರೆ, ಅದಕ್ಕೆ ಕಂಗಾಲಾಗಬೇಡಿ.

ರೋಗಿಯ ಸ್ಥಿತಿ ಇದ್ದಕ್ಕಿದ್ದಂತೆ ಹದಗೆಟ್ಟರೆ ಏನು ಮಾಡುತ್ತೀರಿ ಅನ್ನುವುದು ಹೆಚ್ಚುಕಡಿಮೆ ಬಂದೇ ಬರುತ್ತದೆ. ನಮ್ಮವರು 'ಡಾಕ್ಟರನ್ನು ಕರೆಯುತ್ತೇನೆ' ಅಂದು ಸುಮ್ಮನಾಗುತ್ತಾರೆ. ನೀವು ಹಾಸಿಗೆಯ ಪಕ್ಕ ನಿಂತಿದ್ದೀರಿ ಅಂದುಕೊಂಡೇ ಹೇಳಿ: ಸಹಾಯಕ್ಕೆ ಕೂಗುತ್ತೇನೆ, ಎಬಿಸಿಡಿಇ ಕ್ರಮದಲ್ಲಿ (ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ, ಪ್ರಜ್ಞೆ, ಕೊನೆಗೆ ಮೈಯೆಲ್ಲ) ನೋಡುತ್ತೇನೆ, ಅಬ್ಸರ್ವೇಷನ್ಸ್ (ನಾಡಿ, ಬಿಪಿ, ಉಸಿರಾಟದಂಥವು) ತೆಗೆದು ನ್ಯೂಸ್ 2 ಸ್ಕೋರ್ (ಸ್ಥಿತಿ ಎಷ್ಟು ಹದಗೆಟ್ಟಿದೆ ಅಂತ ತೋರಿಸುವ ಅಂಕ) ಲೆಕ್ಕ ಹಾಕುತ್ತೇನೆ, 5 ಮುಟ್ಟಿದರೆ ತುರ್ತಾಗಿ ಡಾಕ್ಟರಿಗೆ ತಿಳಿಸುತ್ತೇನೆ, 7 ಮುಟ್ಟಿದರೆ ಎಮರ್ಜೆನ್ಸಿ ತಂಡ ಬರಬೇಕು, ಫೋನಿನಲ್ಲಿ ಎಸ್‌ಬಾರ್ ಪ್ರಕಾರ (ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಏನು ಮಾಡಬೇಕು, ಈ ಕ್ರಮದಲ್ಲಿ) ಹೇಳುತ್ತೇನೆ. ಆಮೇಲೆ ಮತ್ತೆ ನೋಡುವುದು, ಬರೆದಿಡುವುದು, ರೋಗಿಗೆ ಧೈರ್ಯ ಹೇಳುವುದು. ಇದೆಲ್ಲ ನೀವು ದಿನಾ ಮಾಡಿದ್ದೇ. ದಿನಾ ಮಾಡಿದ್ದರಿಂದಲೇ ಹೇಳುವುದು ಬಿಟ್ಟುಹೋಗುತ್ತದೆ.

ನಮಗೆ ನಿಜವಾಗಿ ಕಷ್ಟವಾಗುವ ಪ್ರಶ್ನೆಗಳು ಬೇರೆ. 'ತಪ್ಪು ಔಷಧಿ ಕೊಟ್ಟಿದ್ದೀರಿ ಅಂತ ಆಮೇಲೆ ಗೊತ್ತಾಯಿತು, ಏನು ಮಾಡುತ್ತೀರಿ?' ನಮ್ಮ ಬಾಯಿಗೆ ಮೊದಲು ಬರುವುದು 'ನಾನು ಹಾಗೆ ಮಾಡುವವಳೇ ಅಲ್ಲ, ಮೂರು ಸಲ ನೋಡಿಯೇ ಕೊಡುತ್ತೇನೆ' ಅನ್ನುವ ಮಾತು. ಅಲ್ಲಿಗೆ ಮುಗಿಯಿತು. ಅವರಿಗೆ ಬೇಕಾದ್ದು ಮುಚ್ಚಿಡುವುದಿಲ್ಲ ಅನ್ನುವ ಭರವಸೆ. ಮೊದಲು ರೋಗಿಯ ಸ್ಥಿತಿ ನೋಡಬೇಕು, ಡಾಕ್ಟರಿಗೂ ನರ್ಸ್ ಇನ್ ಚಾರ್ಜಿಗೂ ತಿಳಿಸಬೇಕು, ರೋಗಿಗೇ ನೇರವಾಗಿ ಹೇಳಿ ಕ್ಷಮೆ ಕೇಳಬೇಕು, ಘಟನೆಯನ್ನು ದಾಖಲಿಸಬೇಕು. ದಾಖಲಿಸುವುದಕ್ಕೆ ವಾರ್ಡಿನಲ್ಲಿ 'ಡೇಟಿಕ್ಸ್ ಮಾಡು' ಅನ್ನುತ್ತಾರೆ, ಡೇಟಿಕ್ಸ್ ಅಂದರೆ ಘಟನೆ ದಾಖಲಿಸುವ ಸಾಫ್ಟ್‌ವೇರ್. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ಘೋರ ನಿರ್ಲಕ್ಷ್ಯದ ಬಗ್ಗೆ ವಕೀಲ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರಲ್ಲಿ ಬಂದ ಮೇಲೆ, 2014ರಿಂದ ಎನ್‌ಎಚ್‌ಎಸ್ ಸಂಸ್ಥೆಗಳಿಗೆ 'ಡ್ಯೂಟಿ ಆಫ್ ಕ್ಯಾಂಡರ್' (ಮುಚ್ಚಿಡದೆ ಹೇಳುವ ಕರ್ತವ್ಯ) ಕಾನೂನೇ ಆಯಿತು. ಮಧ್ಯಮ ಮಟ್ಟದ ಅಥವಾ ಗಂಭೀರ ಹಾನಿಯಾದರೆ ರೋಗಿಗೆ ತಿಳಿಸಲೇಬೇಕು. ನರ್ಸ್‌ಗಳಿಗೆ ಎನ್‌ಎಂಸಿ (ನರ್ಸ್‌ಗಳನ್ನು ನೋಂದಾಯಿಸುವ ಮಂಡಳಿ) ಸಂಹಿತೆಯೂ ಅದನ್ನೇ ಹೇಳುತ್ತದೆ. ಈ ಹಿನ್ನೆಲೆ ಗೊತ್ತಿದ್ದರೆ ಆ ಪ್ರಶ್ನೆಗೆ ಇಷ್ಟು ತೂಕ ಯಾಕೆ ಅಂತ ಅರ್ಥವಾಗುತ್ತದೆ.

ಇದೇ ಜಾತಿಯ ಇನ್ನೊಂದು: ಕನ್ಸಲ್ಟೆಂಟ್ (ಹಿರಿಯ ತಜ್ಞ ಡಾಕ್ಟರ್) ಕೈ ತೊಳೆಯದೆ ರೋಗಿಯನ್ನು ಮುಟ್ಟಲು ಹೊರಟರು, ಆಗ? ಸರ್, ಸರ್ ಅಂತ ಹಿಂದೆ ನಡೆದು ಕಲಿತ ನಮಗೆ ನಾಲಗೆ ಹೊರಳುವುದಿಲ್ಲ. 'ಅಲ್ಲೇ, ಮರ್ಯಾದೆಯಿಂದ, ತಡೆದು ಹೇಳುತ್ತೇನೆ' ಅನ್ನಿ. ಕೇಳದಿದ್ದರೆ ವಾರ್ಡ್ ಮ್ಯಾನೇಜರ್, ಅಲ್ಲೂ ಆಗದಿದ್ದರೆ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್, ಅಂದರೆ ಸಿಬ್ಬಂದಿಯ ಇಂಥ ದೂರು ಕೇಳಲೆಂದೇ ಇರುವವರು. ಹಿರಿಯರಿಗೆ ಎದುರಾಡಿದೆ ಅಂತ ಇಲ್ಲಿ ಅಂಕ ಕಳೆಯುವುದಿಲ್ಲ.

ರೋಗಿ ಮಾತ್ರೆ ಬೇಡ ಅಂದರೆ? ಊರಲ್ಲಾದರೆ ಮಗನನ್ನೋ ಸೊಸೆಯನ್ನೋ ಕರೆದು ಹೇಳಿಸುತ್ತೇವೆ. ಇಲ್ಲಿ 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್ ಪ್ರಕಾರ, ನಿರ್ಧಾರ ಮಾಡುವ ಶಕ್ತಿ ರೋಗಿಗೆ ಇದೆ ಅಂದುಕೊಂಡೇ ಶುರು ಮಾಡಬೇಕು. ಇದ್ದರೆ, ನಮಗೆ ತಪ್ಪು ಅನಿಸಿದರೂ, ಬೇಡ ಅನ್ನುವ ಹಕ್ಕು ಅವರದು. ಕಾರಣ ಕೇಳಿ, ವಿವರಿಸಿ, ಡಾಕ್ಟರಿಗೆ ತಿಳಿಸಿ, ಬರೆದಿಡಿ. ಆಹಾರದಲ್ಲಿ ಬೆರೆಸಿ ಕೊಡುತ್ತೇನೆ ಅಂತ ಅಪ್ಪಿತಪ್ಪಿಯೂ ಹೇಳಬೇಡಿ.

ಉದಾಹರಣೆ ಕೇಳಿದಾಗ ಬೆಂಗಳೂರಿನ ಅನುಭವವನ್ನೇ ಹೇಳಿ, ಮುಜುಗರ ಬೇಡ. ರೋಗಿಯ ಹೆಸರು ಮಾತ್ರ ಬಾಯಿಗೆ ಬರಬಾರದು. ಸ್ಟಾರ್ ವಿಧಾನ (ಸನ್ನಿವೇಶ, ಕೆಲಸ, ನೀವು ಮಾಡಿದ್ದು, ಫಲಿತಾಂಶ, ಈ ಕ್ರಮ) ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ತಪ್ಪಲ್ಲ, ಆದರೆ ನಮ್ಮವರು ಸನ್ನಿವೇಶ ವರ್ಣಿಸುವುದರಲ್ಲೇ ಅರ್ಧ ಸಮಯ ಕಳೆಯುತ್ತಾರೆ. ಅದಕ್ಕೆ ಎರಡು ವಾಕ್ಯ ಸಾಕು. ತಂಡ ಏನು ಮಾಡಿತು ಅನ್ನುವುದಕ್ಕಿಂತ ನೀವು ಏನು ಮಾಡಿದಿರಿ ಅನ್ನುವುದು ಅವರಿಗೆ ಬೇಕು. ಹೊಗಳಿಕೊಂಡಂತೆ ಅನಿಸುತ್ತದೆ, ಅನಿಸಲಿ.

ಸಂಬಳದ ಚೌಕಾಸಿಗೆ ಇಲ್ಲಿ ಜಾಗ ಇಲ್ಲ, ಬ್ಯಾಂಡಿನ ಪ್ರಕಾರ ಮೊದಲೇ ನಿಗದಿ. ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ?' ಅಂದಾಗ ಪ್ರಿಸೆಪ್ಟರ್‌ಶಿಪ್ (ಹೊಸಬರಿಗೆ ಅನುಭವಿ ನರ್ಸ್ ಜೊತೆಗಿದ್ದು ಕಲಿಸುವ ಅವಧಿ) ಎಷ್ಟು ತಿಂಗಳು, ಯಾರು ಜೊತೆಗಿರುತ್ತಾರೆ ಅಂತ ಕೇಳಿ. ಆ ಟ್ರಸ್ಟಿನ (ಆಸ್ಪತ್ರೆ ನಡೆಸುವ ಎನ್‌ಎಚ್‌ಎಸ್ ಸಂಸ್ಥೆಯ) ಮೌಲ್ಯಗಳು ಅವರ ಜಾಲತಾಣದಲ್ಲೇ ಇರುತ್ತವೆ, ಓದಿಕೊಂಡು ಹೋಗಿ, ಗಿಳಿಪಾಠ ಒಪ್ಪಿಸಬೇಡಿ.

ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅನ್ನಲು ಸಂಕೋಚ ಬೇಡ, ಇಲ್ಲಿಯ ಉಚ್ಚಾರಣೆ ಎಲ್ಲರಿಗೂ ಕಷ್ಟವೇ. ಹೋದ ಸಲ ಯಾವ ಪ್ರಶ್ನೆಗೆ ಎಷ್ಟು ಅಂಕ ಬಂತು ಅಂತ ಆ ಮ್ಯಾನೇಜರಿಗೆ ಇಮೇಲ್ ಮಾಡಿ ಕೇಳಿ, ಎಷ್ಟೋ ಜನ ಹೇಳುತ್ತಾರೆ. ಮುಂದಿನದು ಯಾವ ವಾರ್ಡು ಅಂತ ಬರೆಯಿರಿ. ಹಿರಿಯರ ವಾರ್ಡಾದರೆ ಬಿದ್ದು ಪೆಟ್ಟಾಗುವುದು, ಬೆಡ್‌ಸೋರ್, ಡಿಮೆನ್ಷಿಯಾ ಇವುಗಳ ಮೇಲೂ ಕೇಳುತ್ತಾರೆ.