ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಮೈಕ್ರೋಸ್ಕೋಪ್‌ನ ಚಪ್ಪಟೆ ಚಿತ್ರ ಇಟ್ಟುಕೊಂಡು ಲೋಹದ ಒಳರಚನೆಯನ್ನು ಉದ್ದ, ಅಗಲ, ಆಳದ ಸಮೇತ ಕಂಪ್ಯೂಟರ್‌ನಲ್ಲಿ ಕಟ್ಟುವುದು ಹೇಗೆ ಅಂತ ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ. ಖುಷಿಯಾಯಿತು. ಆದರೆ ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ.

ಮೊದಲ ಮೂರು ಪುಟ ತೆಗೆದುಬಿಡಿ. ‘ಇಂದಿನ ತಂತ್ರಜ್ಞಾನ ಯುಗದಲ್ಲಿ’ ಅಂತ ಶುರುವಾಗಿ ಎಐ ಹೊಗಳಿಕೆಯಲ್ಲೇ ಮುಗಿಯುತ್ತವೆ. ಲೋಹದ ಒಂದು ಚೂರೂ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ನಾಲ್ಕನೇ ಪುಟದಲ್ಲಿ, ಬೆಳಗಾವಿಯ ಫೌಂಡ್ರಿ ಲ್ಯಾಬ್‌ನಲ್ಲಿ ನೀವು ಬೀಡು ಕಬ್ಬಿಣದ ತುಂಡನ್ನು ಎಮರಿ ಪೇಪರ್ ಮೇಲೆ ಉಜ್ಜುವಾಗ. ಪಾಲಿಶ್ ಮಾಡಿ ನೋಡಿದರೆ ಬಿಳಿ ನೆಲದ ಮೇಲೆ ಎರೆಹುಳು ಚೆಲ್ಲಿದ ಹಾಗೆ ಗ್ರಾಫೈಟ್‌ನ (ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲದ) ಕಪ್ಪು ಗೆರೆಗಳು. ಹೆಚ್ಚಿನವು ಬಿಡಿಬಿಡಿ. ಆಮೇಲೆ ನಿಮ್ಮ ಸೀನಿಯರ್, ಆಸಿಡ್‌ನಲ್ಲಿ ಕಬ್ಬಿಣ ಕರಗಿಸಿದ ಇನ್ನೊಂದು ತುಂಡಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ತೋರಿಸುತ್ತಾರೆ. ಅಲ್ಲಿರುವುದು ಗೆರೆಗಳಲ್ಲ, ಎಲೆಗಳು. ಎಲೆಕೋಸಿನ ಹಾಗೆ ಒಳಗೆ ಒಂದಕ್ಕೊಂದು ಕೂಡಿಕೊಂಡಿವೆ!

ಇಡೀ ಸಮಸ್ಯೆ ಇಲ್ಲೇ ಇದೆ, ಅಲ್ವಾ? ಇದನ್ನು ಮೂರೇ ವಾಕ್ಯದಲ್ಲಿ ಮುಗಿಸಿದ್ದೀರಿ. ಒಂದು ಪುಟ ಕೊಡಿ. ಆ ಎಲೆಗಳು ಕೂಡಿಕೊಂಡಿರುವುದರಿಂದಲೇ ಬ್ರೇಕ್ ಡಿಸ್ಕ್‌ನಲ್ಲಿ ಬಿಸಿ ಬೇಗ ಹರಿದುಹೋಗುತ್ತದೆ ಅನ್ನುವುದನ್ನೂ ಸೇರಿಸಿ. ಚಪ್ಪಟೆ ಚಿತ್ರವನ್ನಷ್ಟೇ ನಂಬಿದವರು ಆ ಲೆಕ್ಕ ತಪ್ಪುತ್ತಾರೆ.

ಇನ್ನು ತಪ್ಪುಗಳು. ಗ್ರಾಫೈಟ್ ಎಲೆಗಳಾಗದೆ ಗುಂಡುಗಳಾಗಿರುವ ಬೀಡು ಕಬ್ಬಿಣ, ಅಂದರೆ ಎಸ್.ಜಿ. ಐರನ್‌ನ ಗ್ರಾಫೈಟ್ ಗುಂಡುಗಳ ಬಗ್ಗೆ ‘ಚಿತ್ರದ ವೃತ್ತಗಳ ಸರಾಸರಿಯೇ ಗುಂಡುಗಳ ಗಾತ್ರ’ ಅಂದಿದ್ದೀರಿ. ಹಾಗಲ್ಲ. ಪಾಲಿಶ್ ಮಾಡಿದ ಮುಖ ಎಲ್ಲ ಗುಂಡುಗಳನ್ನೂ ಸರಿಯಾಗಿ ನಡುವೆಯೇ ಕತ್ತರಿಸುವುದಿಲ್ಲ. ಎಲ್ಲವೂ 40 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ವ್ಯಾಸದ ಗುಂಡುಗಳೇ ಆದರೂ ವೃತ್ತಗಳ ಸರಾಸರಿ ವ್ಯಾಸ ಸುಮಾರು 31 ಮೈಕ್ರಾನ್ ಬರುತ್ತದೆ. ಸ್ವೀಡನ್ನಿನ ಸಂಖ್ಯಾಶಾಸ್ತ್ರಜ್ಞ ವಿಕ್ಸೆಲ್ 1925ರಲ್ಲೇ ಈ ಲೆಕ್ಕ ಬಿಡಿಸಿದ್ದರು. ಆದರೆ ಚಿತ್ರದಲ್ಲಿ ಗ್ರಾಫೈಟ್ ನೂರಕ್ಕೆ ಹತ್ತು ಭಾಗ ಜಾಗ ಹಿಡಿದಿದ್ದರೆ ಒಳಗೂ ಸರಾಸರಿ ಹತ್ತು ಭಾಗವೇ. ಇದು ಫ್ರಾನ್ಸ್‌ನ ಭೂವಿಜ್ಞಾನಿ ಡೆಲೆಸ್ 1847ರಲ್ಲಿ ತೋರಿಸಿದ್ದು. ಎಷ್ಟಿದೆ ಅನ್ನುವುದು ಚಿತ್ರದಿಂದ ಸಿಗುತ್ತದೆ, ಹೇಗೆ ಕೂಡಿಕೊಂಡಿದೆ ಅನ್ನುವುದು ಸುಲಭಕ್ಕೆ ಸಿಗುವುದಿಲ್ಲ. ಈ ಎರಡನ್ನೂ ಅಕ್ಕಪಕ್ಕ ಇಡಿ. ಓದುಗರಿಗೆ ತಟ್ಟನೆ ಹೊಳೆಯುತ್ತದೆ.

‘ಕಂಪ್ಯೂಟರ್ ಒಳಗಿನ ನಿಜರೂಪ ತೋರಿಸುತ್ತದೆ’ ಅನ್ನುವ ವಾಕ್ಯವನ್ನಂತೂ ನಾನು ಒಪ್ಪಲಾರೆ. 1998ರಲ್ಲಿ ವಿಜ್ಞಾನಿಗಳಾದ ಯಿಯಾಂಗ್ ಮತ್ತು ಟಾರ್ಕ್ವಾಟೊ ಮಾಡಿದ್ದೇನು? ಕಂಪ್ಯೂಟರ್‌ನಲ್ಲಿ ಎರಡು ವಸ್ತುಗಳ ಚುಕ್ಕಿಗಳನ್ನು ಸುಮ್ನೆ ಚೆಲ್ಲಿ, ಅದಲುಬದಲು ಮಾಡುತ್ತಾ ಹೋದರು. ಇಂತಿಷ್ಟು ದೂರದ ಎರಡು ಬಿಂದುಗಳೂ ಒಂದೇ ವಸ್ತುವಿನ ಮೇಲೆ ಬೀಳುವ ಸಾಧ್ಯತೆ ಎಷ್ಟು ಅನ್ನುವಂಥ ಲೆಕ್ಕಗಳು ಮೂಲ ಚಿತ್ರಕ್ಕೆ ಹೊಂದುವವರೆಗೂ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪ್ರಕಟಿಸಿದ ಸ್ಲೈಸ್‌ಗ್ಯಾನ್ ಅನ್ನುವ ಎಐ ವಿಧಾನದಲ್ಲಿ ಒಂದು ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಇಡೀ ತುಂಡನ್ನು ಕಟ್ಟುತ್ತದೆ. ಅದನ್ನು ಹೋಳು ಮಾಡಿದಾಗ ಹೋಳುಗಳು ನಿಜವಾದ ಚಿತ್ರದಂತಿವೆಯೇ ಅಂತ ಇನ್ನೊಂದು ಪರೀಕ್ಷಿಸುತ್ತದೆ. ಎರಡರಲ್ಲೂ ಸಿಗುವುದು ‘ಹೀಗಿರಬಹುದು’ ಅನ್ನುವ ತುಂಡು. ನಿಮ್ಮ ಕೈಯಲ್ಲಿದ್ದ ತುಂಡಲ್ಲ. ನಿಜವಾದದ್ದೇ ಬೇಕಾದರೆ ಪದರ ಪದರ ಉಜ್ಜಿ ಚಿತ್ರ ತೆಗೆಯಬೇಕು, ಇಲ್ಲವೇ ಹಲವು ಕೋನಗಳಿಂದ ಎಕ್ಸ್‌-ರೇ ತೆಗೆದು ಒಳಗನ್ನು ಕಟ್ಟುವ ಎಕ್ಸ್‌-ರೇ ಟೊಮೊಗ್ರಫಿಗೆ ಹೋಗಬೇಕು.

ಒಂದೇ ಚಿತ್ರ ಸಾಕು ಅಂತಲೂ ಬರೆದಿದ್ದೀರಿ. ಬೆಂಡೆಕಾಯಿಯನ್ನು ಅಡ್ಡ ಹೆಚ್ಚಿದರೆ ನಕ್ಷತ್ರ, ಉದ್ದಕ್ಕೆ ಸೀಳಿದರೆ ಬೀಜದ ಸಾಲು. ರೋಲರ್‌ಗಳ ನಡುವೆ ಒತ್ತಿ ಉದ್ದ ಮಾಡಿದ ಉಕ್ಕೂ ಹಾಗೇ. ಎಲ್ಲ ದಿಕ್ಕಿಗೂ ಒಂದೇ ಥರ ಇರುವ ವಸ್ತುವಿಗಷ್ಟೇ ಒಂದು ಚಿತ್ರ ಸಾಕು.

ಸಾವಿರ ಪದಗಳೊಳಗೆ ಮತ್ತೆ ಬರೆದು ಕಳಿಸಿ. ಆ ಎರಡೂ ಗ್ರಾಫೈಟ್ ಚಿತ್ರಗಳನ್ನು, ಫೌಂಡ್ರಿಯವರ ಒಪ್ಪಿಗೆ ಪಡೆದು, ಜೊತೆಗಿಡಿ. ಚಿತ್ರದಲ್ಲಿ ಗಾತ್ರ ಎಷ್ಟು ಅಂತ ತೋರಿಸುವ ಅಳತೆಗೆರೆ ಇರಲಿ. ಮೊದಲ ಪುಟದಲ್ಲೇ ಅಕ್ಕಪಕ್ಕ ಹಾಕುತ್ತೇನೆ.

ಸಂಪಾದಕ