ಚೇಂಬರ್ಲೇನ್‌ರ 50 ಪಾಯಿಂಟ್ ಇವತ್ತಿಗೆ ಎಷ್ಟು?

ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವಿಲ್ಟ್ ಚೇಂಬರ್ಲೇನ್ ಒಂದು ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 50 ಪಾಯಿಂಟ್ ಹೊಡೆದಿದ್ದಾರೆ. ಮೈಕಲ್ ಜೋರ್ಡನ್‌ಗಿಂತ ಅವರೇ ದೊಡ್ಡವರಲ್ವಾ? ಇವತ್ತಿನ ಲೆಕ್ಕಕ್ಕೆ ಅದು ಎಷ್ಟಾಗುತ್ತದೆ? (ಜಯನಗರ)

ಮತ್ತೆ ಅದೇ! ಕಂಠೀರವದ ಗ್ಯಾಲರಿಯಲ್ಲೂ ಇದೇ ಜಗಳ, ಕೋಚಿಂಗ್‌ಗೆ ಬರುವ ಹುಡುಗರದ್ದೂ ಇದೇ ಜಗಳ.

1961-62ರಲ್ಲಿ 50.4 ಹೊಡೆದದ್ದು ನಿಜ. ಆದರೆ ಆ ವರ್ಷ ಎನ್‌ಬಿಎ ತಂಡಗಳ ಸರಾಸರಿಯೇ ಪಂದ್ಯಕ್ಕೆ 118 ಪಾಯಿಂಟ್ ಮೇಲಿತ್ತು, ಅದೂ ತ್ರೀ ಪಾಯಿಂಟ್ ಗೆರೆ (ಅದರ ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್) ಇಲ್ಲದೆ. ಚೆಂಡು ಸಿಕ್ಕಿದರೆ ಓಡು, ಎಸೆ, ಅಷ್ಟೇ ಆಟ. ನೂರರಲ್ಲಿ 43 ಎಸೆತ ಬೀಳುತ್ತಿತ್ತು, ಉಳಿದದ್ದು ರಿಂಗಿಗೆ ಬಡಿದು ವಾಪಸ್, ಅದನ್ನು ಹಿಡಿದರೆ ಒಂದು ರಿಬೌಂಡ್. ಚೇಂಬರ್ಲೇನ್‌ರ ಪಂದ್ಯಕ್ಕೆ 25 ರಿಬೌಂಡ್ ನೋಡಿ ಬಾಯಿ ಬಿಡುವ ಮೊದಲು ಇದನ್ನೂ ನೋಡಿ.

ಹಾಗಂತ 50ನ್ನು 35 ಮಾಡಿಕೊಡುವ ಯೂಟ್ಯೂಬ್ ಪಂಡಿತರನ್ನೂ ನಂಬಬೇಡಿ. ಪಂದ್ಯ ಇರುವುದು 48 ನಿಮಿಷ, ಚೇಂಬರ್ಲೇನ್ ಆ ಸೀಸನ್‌ನಲ್ಲಿ ಆಡಿದ್ದು ಸರಾಸರಿ 48.5 ನಿಮಿಷ, ಅಂದರೆ ಪಂದ್ಯ ಸಮವಾಗಿ ಓವರ್‌ಟೈಮ್ ಬಂದರೂ ಹೆಚ್ಚುಕಡಿಮೆ ಬೆಂಚಿಗೆ ಹೋಗಲೇ ಇಲ್ಲ. ಇದನ್ನು ಯಾವ ಸೂತ್ರಕ್ಕೆ ಹಾಕುತ್ತೀರಿ? ಜಿ.ಆರ್. ವಿಶ್ವನಾಥ್ 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸಿನ ವೇಗಿ ಆಂಡಿ ರಾಬರ್ಟ್ಸ್ ಎದುರು ಔಟಾಗದೆ 97 ಹೊಡೆದರು. ಐಪಿಎಲ್‌ನಲ್ಲಿ ಅದು ಎಷ್ಟಾಗುತ್ತಿತ್ತು ಅಂತ ಯಾರೂ ಕೇಳಲ್ಲ. ಆ ಇನಿಂಗ್ಸ್‌ನಲ್ಲಿ ಇಡೀ ತಂಡ 190 ಅಂತಷ್ಟೇ ಹೇಳುತ್ತೇವೆ.

ಇಲ್ಲೂ ಹಾಗೇ. ಅದೇ ವರ್ಷ, ಅದೇ ನಿಯಮದಲ್ಲಿ ವಾಲ್ಟ್ ಬೆಲಾಮಿ ಸರಾಸರಿ 31.6. ಸೇನೆಯ ಕೆಲಸದ ನಡುವೆ ಬರೀ 48 ಪಂದ್ಯ ಆಡಿದ ಎಲ್ಜಿನ್ ಬೇಲರ್ 38.3. ಜೊತೆಯವರಿಗಿಂತ ಇಷ್ಟು ಮೇಲೆ ಯಾರಿದ್ದರು ಹೇಳಿ. 1964ರಲ್ಲಿ ಬಾಸ್ಕೆಟ್ ಕೆಳಗಿನ ಲೇನನ್ನು (ದಾಳಿ ಮಾಡುವವರು ಹೆಚ್ಚು ಹೊತ್ತು ನಿಲ್ಲಬಾರದ ಜಾಗ) 12 ಅಡಿಯಿಂದ 16 ಅಡಿಗೆ ಅಗಲ ಮಾಡಿದ್ದೂ ಹೆಚ್ಚಾಗಿ ಚೇಂಬರ್ಲೇನ್ ಕಾಟಕ್ಕೇ.

ಇನ್ನು ಜೋರ್ಡನ್ ಭಕ್ತರು. ‘ಆಗ ಕೈ ಇಟ್ಟು ತಡೀತಿದ್ರು, ಈಗಾಗಿದ್ರೆ 45 ಹೊಡೀತಿದ್ರು’ ಅನ್ನುತ್ತಾರೆ. ಅರ್ಧ ಸರಿ. 2004-05ರಿಂದ ಅದಕ್ಕೆ ಫೌಲ್ ಬಿಗಿಯಾಯಿತು. ಇನ್ನರ್ಧ ಮಾತ್ರ ಬಾಯಿ ಬಿಡಲ್ಲ: 2001ರ ತನಕ ಝೋನ್ ಡಿಫೆನ್ಸ್‌ಗೇ (ಒಬ್ಬೊಬ್ಬ ಎದುರಾಳಿಯ ಬದಲು ಒಂದೊಂದು ಜಾಗ ಕಾಯುವುದಕ್ಕೇ) ನಿಷೇಧ ಇತ್ತು. ಈಗ ಒಬ್ಬನನ್ನು ದಾಟಿದರೆ ಇನ್ನೊಬ್ಬ ಮೊದಲೇ ಬಂದು ದಾರಿಗೆ ಅಡ್ಡ ನಿಂತಿರುತ್ತಾನೆ.

ಆದರೂ ನನ್ನ ಓಟು ಜೋರ್ಡನ್‌ಗೇ. 1987-88ರಲ್ಲಿ ಅತಿ ಹೆಚ್ಚು ಸರಾಸರಿಯೂ ಅವರದ್ದೇ, ಲೀಗ್‌ನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯೂ ಅವರದ್ದೇ. ಎರಡೂ ಕಡೆ ಜೊತೆಯವರನ್ನೆಲ್ಲ ಮೀರಿಸಿದರು.

ಪ್ರಶ್ನೆ: ಚೇಂಬರ್ಲೇನ್ ಕಾಲದ ಬಿಲ್ ರಸೆಲ್ ಪಂದ್ಯಕ್ಕೆ ಎಷ್ಟು ಬ್ಲಾಕ್ ಮಾಡುತ್ತಿದ್ದರು (ಎದುರಾಳಿಯ ಎಸೆತ ತಡೆಯುತ್ತಿದ್ದರು)?

ಲೀಗ್ ಬ್ಲಾಕ್ ಲೆಕ್ಕ ಇಡಲು ಶುರು ಮಾಡಿದ್ದೇ 1973-74ರಲ್ಲಿ, ರಸೆಲ್ 1969ರಲ್ಲೇ ಬಿಟ್ಟಿದ್ದರು. ವಾಟ್ಸಾಪ್ ಅಂಕಿ ಅಳಿಸಿ.

ಪ್ರಶ್ನೆ: ಎನ್‌ಬಿಎಯ ಕರೀಮ್ ಅಬ್ದುಲ್-ಜಬ್ಬಾರ್ ತ್ರೀ ಪಾಯಿಂಟರ್ ಯಾಕೆ ಕಲಿಯಲಿಲ್ಲ?

ಗೆರೆ ಬಂದದ್ದು 1979ರಲ್ಲಿ, ಅಷ್ಟೊತ್ತಿಗೆ ಅವರು ಹತ್ತು ಸೀಸನ್ ಆಡಿಯಾಗಿತ್ತು. ಇಡೀ ವೃತ್ತಿಯಲ್ಲಿ ಒಂದೇ ಒಂದು ಹಾಕಿದರು. ಸ್ಕೈಹುಕ್ (ಒಂದೇ ಕೈ ಮೇಲೆತ್ತಿ ತಲೆ ಮೇಲಿಂದ ಎಸೆಯುವ ಹೊಡೆತ) ಇದ್ದವರಿಗೆ ಅದ್ಯಾಕೆ ಬೇಕು?

ಪ್ರಶ್ನೆ: ಮಗನಿಗೆ 15. ಆಡಿದರೆ ಎತ್ತರ ಆಗ್ತಾನಾ? ಪೌಡರ್ ಕೊಡಲಾ?

ಆಡಿದರೆ ಎತ್ತರ ಆಗಲ್ಲ ಅಮ್ಮಾ, ಎತ್ತರ ಇದ್ದವರು ಈ ಆಟದಲ್ಲಿ ಉಳಿಯುತ್ತಾರೆ. ಪೌಡರ್ ಮಾರುವವನು ಮೋಸಗಾರ. ಆ ದುಡ್ಡಲ್ಲಿ ಒಳ್ಳೆ ಶೂ ಕೊಡಿಸಿ.