ಬಿಕೊಗೆ ಎರಡೇ ಪ್ಯಾರಾ?

ನಮಸ್ಕಾರ.

ದಕ್ಷಿಣ ಆಫ್ರಿಕಾದ ವರ್ಣಭೇದದ ಕಥೆ ಹೇಳುವ ‘ಕ್ರೈ ಫ್ರೀಡಂ’ ಸಿನಿಮಾ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲ ಪುಟವನ್ನು ಪೂರ್ತಿ ಹೊಡೆದುಹಾಕಿ. ಗಾಂಧೀಜಿಯನ್ನು ರೈಲಿನಿಂದ ಇಳಿಸಿದ್ದು 1893ರಲ್ಲಿ, ಈ ಸಿನಿಮಾದ ಕಥೆ ನಡೆಯುವುದು 1970ರ ದಶಕದಲ್ಲಿ. ದಕ್ಷಿಣ ಆಫ್ರಿಕಾ ಅಂದ ಕೂಡಲೇ ಆ ರೈಲು ಹತ್ತದೆ ನಮ್ಮವರ ಪೆನ್ನು ಮುಂದಕ್ಕೇ ಹೋಗುವುದಿಲ್ಲ!

‘ಅಮಾನುಷ’ ಅನ್ನುವ ಪದ ಏಳು ಕಡೆ ಇದೆ, ಎಣಿಸಿದೆ. ಏನು ಅಮಾನುಷ ಅಂತ ಒಂದು ಕಡೆಯೂ ತೋರಿಸಿಲ್ಲ. 1973ರಲ್ಲಿ ಕಪ್ಪು ಜನರ ಹೋರಾಟಗಾರ ಸ್ಟೀವ್ ಬಿಕೊ ಮೇಲೆ ಅಲ್ಲಿನ ಬಿಳಿಯರ ಸರ್ಕಾರ ಹೇರಿದ ನಿರ್ಬಂಧವನ್ನೇ ನೋಡಿ. ಊರು ಬಿಟ್ಟು ಹೋಗುವಂತಿಲ್ಲ. ಅವನ ಮಾತನ್ನು ಯಾರೂ ಅಚ್ಚು ಹಾಕುವಂತಿಲ್ಲ. ಒಂದು ಸಲಕ್ಕೆ ಒಬ್ಬರೊಡನೆ ಮಾತ್ರ ಮಾತು. ಇಬ್ಬರು ಗೆಳೆಯರು ಒಟ್ಟಿಗೆ ಬಂದು ಕೂತರೆ ಅಪರಾಧ. ಇಷ್ಟು ಬರೆದರೆ ಆ ಏಳೂ ‘ಅಮಾನುಷ’ಗಳು ತಾವೇ ಎದ್ದು ಹೋಗುತ್ತವೆ.

ನನ್ನ ದೊಡ್ಡ ತಕರಾರು ಬೇರೆ. ಬಿಕೊ ಸಿನಿಮಾದ ಸುಮಾರು ಅರ್ಧಕ್ಕೇ ಸಾಯುತ್ತಾನೆ. ಆಮೇಲಿನದೆಲ್ಲ ಬಿಳಿಯ ಸಂಪಾದಕ ಡೊನಾಲ್ಡ್ ವುಡ್ಸ್ ಪಾದ್ರಿ ವೇಷದಲ್ಲಿ ನೆರೆಯ ದೇಶ ಲೆಸೊಥೊಗೆ ಪಾರಾಗುವ ಕಥೆ. ವರ್ಣಭೇದದ ಸಿನಿಮಾದಲ್ಲೂ ಕಪ್ಪು ಮನುಷ್ಯನ ಜಾಗ ಬಿಳಿಯನ ಪಾಲಾಯಿತಲ್ಲ, ಕಣ್ಣಿಗೆ ಬೀಳಲಿಲ್ಲವೇ? ನೀವೂ ಅದೇ ಮಾಡಿದ್ದೀರಿ: ಬಿಕೊಗೆ ಎರಡು ಪ್ಯಾರಾ, ವುಡ್ಸ್‌ಗೆ ಆರು. (ಸಂಪಾದಕನೇ ನಾಯಕನಾಗುವುದು ನನಗೂ ಹಿತವೇ ಅನ್ನಿ.)

ಕೊನೆಯ ಪುಟದಲ್ಲಿ ಮಾತ್ರ ತಡೆದು ನಿಂತೆ. ಚಿತ್ರದ ಕಡೆಗೆ ಪೊಲೀಸರ ವಶದಲ್ಲಿ ಸತ್ತವರ ಹೆಸರು, ಸರ್ಕಾರ ಕೊಟ್ಟ ಕಾರಣದ ಸಮೇತ, ಪರದೆಯ ಮೇಲೆ ಬರುತ್ತದೆ: ಮೆಟ್ಟಿಲಿಂದ ಬಿದ್ದ, ಸ್ನಾನ ಮಾಡುವಾಗ ಜಾರಿದ, ನೇಣು ಹಾಕಿಕೊಂಡ. “ಓದುತ್ತ ಓದುತ್ತ ನಮ್ಮ ಮನೆಯ ಮೆಟ್ಟಿಲು ಎಣಿಸಿದೆ” ಎಂದು ಬರೆದಿದ್ದೀರಿ. ಅಲ್ಲಿಂದ ಶುರು ಮಾಡಿ. ಭಾರತದ ನಂಟು ಬೇಕೇ ಬೇಕೆಂದರೆ ಅದೇ ಪಟ್ಟಿಯಲ್ಲಿ ಅಹ್ಮದ್ ಟಿಮೋಲ್ ಇದ್ದಾನೆ, ಭಾರತೀಯ ಮೂಲದವನು. 1971ರಲ್ಲಿ ಜೊಹಾನ್ಸ್‌ಬರ್ಗಿನ ಪೊಲೀಸ್ ಕಟ್ಟಡದ ಹತ್ತನೆಯ ಮಹಡಿಯ ಕಿಟಕಿಯಿಂದ ತಾನೇ ಹಾರಿದ ಅಂದರು. ಅದು ಕೊಲೆ ಎಂದು ನ್ಯಾಯಾಲಯ ಹೇಳಿದ್ದು 2017ರಲ್ಲಿ.

ಎಂಟುನೂರು ಪದ ಸಾಕು. ಬರುವ ತಿಂಗಳ ಹತ್ತರೊಳಗೆ ಕಳಿಸಿದರೆ ನಾನೇ ಓದುತ್ತೇನೆ.